ಸರೋಂಗು ಹಳೇದು ಮಾಡುವ ಕೆಲಸ

ಜನವರಿ ೯, ೨೦೨೧. ಏಪೆಕ್ಸ್, ಅಮೆರಿಕ

ಬಿಪಿ ೧೫೨/೯೪.

ದಿನಾ ಬೆಳಿಗ್ಗೆ ಬಿಪಿ ನೋಡಿ ಬರೆದಿಡಿ ಅಂತ ಡಾಕ್ಟರ ಅಪ್ಪಣೆ. ಅದಕ್ಕೆ ಶ್ರೀಲತಾ ಒಂದು ಡೈರಿ ಹುಡುಕಿ ಕೊಟ್ಟಳು. ಒಂದು ಪುಟದಲ್ಲಿ ಎರಡು ಅಂಕಿ ಬರೆದು ಮಿಕ್ಕಿದ್ದನ್ನು ಖಾಲಿ ಬಿಡೋದು ನನ್ನಂಥ ಬಾಯಿಬಡುಕನಿಗೆ ಆಗೋ ಕೆಲಸವಲ್ಲ. ಮಿಕ್ಕ ಜಾಗದಲ್ಲಿ ನನ್ನ ಹರಟೆ. ಯಾರೂ ಓದಬೇಕಾಗಿಲ್ಲ, ಡಾಕ್ಟರಂತೂ ಬೇಡವೇ ಬೇಡ.

ಇವತ್ತು ಬಿಪಿ ಏರಿದ್ದಕ್ಕೆ ಕಾರಣ ಇದೆ. ಬೆಳಿಗ್ಗೆ, ಕಾರಲ್ಲಿ ಐದು ಗಂಟೆ ದೂರದ ಜರ್ಮನ್‌ಟೌನ್‌ನಿಂದ ರಚನಾ ಫೋನ್ ಮಾಡಿದ್ದಳು. ನಮಗಿರೋದು ಅವಳೊಬ್ಬಳೇ ಮಗಳು. ಈಗ ಐದು ತಿಂಗಳಂತೆ. ಇಷ್ಟು ದಿನ ಹೇಳಿರಲಿಲ್ಲ. ಹಿಂದೆ ಎರಡು ಸಲ ಹೋಗಿದೆ. ಎರಡನೇ ಸಲ ನಾವು ಆರ್ಡರ್ ಮಾಡಿದ್ದ ತೊಟ್ಟಿಲು, ಅವಳು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮಾರನೇ ದಿನ ಬಾಗಿಲಿಗೆ ಬಂದು ಕೂತಿತ್ತು. ಅಳಿಯ ಪವನ ಆ ದೊಡ್ಡ ಡಬ್ಬವನ್ನು ವಾಪಸ್ ಕೊಡೋಕೆ ಒಬ್ಬನೇ ಹೊತ್ತುಕೊಂಡು ಹೋದ. ಅದಕ್ಕೇ ಈ ಸಲ ಷರತ್ತು. ಯಾರೂ ಏನೂ ಕೊಳ್ಳಕೂಡದು, ಕೇಳಕೂಡದು, ಹರಕೆ ಹೊರಕೂಡದು.

"ಏನೂ ತರಬೇಡ ಅಪ್ಪಾ, ಪ್ಲೀಸ್. ಒಂದು ಸಾಕ್ಸ್ ಕೂಡ ಬೇಡ" ಅಂದಳು.

ಆಯ್ತಮ್ಮ ಅಂದೆ. ಫೋನ್ ಇಟ್ಟವನೇ ಹೋಗಿ ಟ್ರಂಕು ತೆಗೆದೆ. ಮನಸ್ಸು ಕೆಟ್ಟಾಗ ಕೆಲವರು ದೇವರ ಮನೆಗೆ ಹೋಗ್ತಾರೆ, ಕೆಲವರು ಫ್ರಿಜ್ಜಿಗೆ. ನಾನು ಟ್ರಂಕಿಗೆ.

ಅದರಲ್ಲಿರೋದು ಮಲೇಷ್ಯಾದ ಬಾಟಿಕ್ ಸರೋಂಗುಗಳು. ನಮ್ಮ ಲುಂಗಿಯ ಅಣ್ಣ ಅನ್ನಬಹುದು. ಚೀಲದ ಹಾಗೆ ಎರಡು ಅಂಚು ಕೂಡಿಸಿ ಹೊಲಿದ ಹತ್ತಿ ಬಟ್ಟೆ, ಅದರ ಮೇಲೆ ಬಿಸಿ ಮೇಣದಲ್ಲಿ ಗೆರೆ ಎಳೆದು, ಬಣ್ಣದಲ್ಲಿ ಅದ್ದಿ ತೆಗೆದ ಹೂ, ಬಳ್ಳಿ, ಹಕ್ಕಿ. ಅಲ್ಲಿನ ಪೆನಾಂಗ್ ಊರಿನ ಚಿಪ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿ ಎಂಟು ವರ್ಷ ಇದ್ದಾಗ ಹತ್ತಿದ ಹುಚ್ಚು. ಅಮೆರಿಕಕ್ಕೆ ಬಂದ ಮೇಲೂ ಬಿಡಲಿಲ್ಲ. ಮೈಸೂರಿಗೆ ಹೋಗುವಾಗೆಲ್ಲ ಕೌಲಾಲಂಪುರದ ಮೇಲೆ ಟಿಕೆಟ್ ತೆಗೆಸೋದು, ಇದೆಂಥ ಸುತ್ತುದಾರಿ ಅಂತ ಹೆಂಡತಿ ಕೇಳಿದರೆ ಏಜೆಂಟನ ತಲೆಗೆ ಕಟ್ಟೋದು. ಅಲ್ಲಿನ ಕೆಲಂತಾನ್ ರಾಜ್ಯದ ಹಸಿರು, ತೆರೆಂಗಾನು ರಾಜ್ಯದ ನೀಲಿ, ಮಾವಿನ ಹಣ್ಣಿನ ಬಣ್ಣದ್ದೊಂದು. ಯಾವುದರ ಸ್ಟಿಕರೂ ಕಿತ್ತಿಲ್ಲ. ಮನೆಯಲ್ಲಿ ಉಡೋದು ಒಂದೇ ಒಂದು, ಮೊದಲನೇ ವರ್ಷ ಪೆನಾಂಗ್ ಮಾರ್ಕೆಟ್ಟಿನಲ್ಲಿ ತಗೊಂಡ ಕಂದು ಬಣ್ಣದ ಹಕ್ಕಿ ಸರೋಂಗು. ಮಿಕ್ಕವೆಲ್ಲ ಎತ್ತಿಟ್ಟದ್ದು. ಒಳ್ಳೇದು, ಹಾಳಾಗಬಾರದು, ಅಷ್ಟೆ.

"ಮ್ಯೂಸಿಯಂ ಇವತ್ತು ಓಪನ್ನಾ?" ಅಂತ ಶ್ರೀಲತಾ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಕಣ್ಣೂ ಕೆಂಪಾಗಿತ್ತು.

ಜನವರಿ ೧೪

ಬಿಪಿ ೧೫೦/೯೨.

ಸಂಕ್ರಾಂತಿ. ಎಳ್ಳು ಬೀರೋಕೆ ನಾವು ಯಾರ ಮನೆಗೂ ಹೋಗೋ ಹಾಗಿಲ್ಲ, ಯಾರೂ ಬರೋ ಹಾಗಿಲ್ಲ. ಮಾಡಿದ ಎಳ್ಳೆಲ್ಲ ನಾವಿಬ್ಬರೇ ತಿಂದು ಒಬ್ಬರಿಗೊಬ್ಬರು ಒಳ್ಳೇ ಮಾತಾಡಿಕೊಂಡೆವು.

ರಚನಾಗೆ ಫೋನ್ ಮಾಡಿದೆ. ಕೇಳಬೇಕಾದ್ದನ್ನು ಕೇಳಬಾರದು ಅಂದ ಮೇಲೆ ಉಳಿಯೋದು ಹವಾಮಾನ. ಜರ್ಮನ್‌ಟೌನ್‌ನಲ್ಲಿ ಎಷ್ಟು ಡಿಗ್ರಿ, ಗಾಳಿ ಇದೆಯಾ, ೨೭೦ ಹೈವೇಯಲ್ಲಿ ಟ್ರಾಫಿಕ್ ಹೇಗಿದೆ. ನಾನು ವರ್ಕ್ ಫ್ರಮ್ ಹೋಮ್ ಅಪ್ಪಾ, ಟ್ರಾಫಿಕ್ ಯಾಕೆ ಕೇಳ್ತೀಯ ಅಂದಳು. ಮಗು ಒದೀತಾ ಇದೆಯಾ ಅಂತ ಕೇಳೋದು ನಾಲಿಗೆ ತುದಿಗೆ ಬಂದಿತ್ತು. ಸರಿಯಾಗಿ ಹೀಟರ್ ಹಾಕ್ಕೋ ಅಂತ ಹೇಳಿ ಇಟ್ಟೆ.

ಸಂಜೆ ಶ್ರೀಲತಾ ಒಂದು ಉಪಾಯ ತೆಗೆದಳು. ಹೊಸದು ಕೊಳ್ಳಬಾರದು ತಾನೆ, ಹಳೇದು ಕೂಡಿಡಬಹುದಲ್ಲ. ಹೇಗೂ ಹುಟ್ಟಿದ ಮಗುವಿನ ಮೈಗೆ ಮೊದಲು ತಾಕಬೇಕಾದ್ದು ಹಳೇ ಬಟ್ಟೆಯೇ. ಅವಳನ್ನೂ ನನ್ನನ್ನೂ ಸುತ್ತಿದ್ದು ಅಜ್ಜಿಯರ ಹಳೇ ಸೀರೆಯಲ್ಲೇ. ಆದರೆ ಮನೆಯೆಲ್ಲ ಜಾಲಾಡಿದರೂ ಮೆತ್ತಗಿನ ಹಳೇ ಹತ್ತಿ ಬಟ್ಟೆ ಅನ್ನೋದು ಒಂದು ತುಂಡಿಲ್ಲ. ಹೋದ ವರ್ಷ ಲಾಕ್‌ಡೌನ್‌ನಲ್ಲಿ ಮನೆ ಕ್ಲೀನ್ ಮಾಡೋ ಉತ್ಸಾಹದಲ್ಲಿ ಅವಳ ಹಳೇ ಸೀರೆಗಳನ್ನೆಲ್ಲ ಮೂಟೆ ಕಟ್ಟಿ ಡೊನೇಟ್ ಮಾಡಿದ್ದೆವು. ಉಳಿದಿರೋದು ರೇಷ್ಮೆ, ನೈಲಾನ್, ಉಣ್ಣೆ.

ಆಮೇಲೆ ಅವಳು ಟ್ರಂಕಿನ ಕಡೆ ನೋಡಿದಳು. ಅವೆಲ್ಲ ಹೊಸದು ಕಣೇ ಅಂದೆ.

"ಅದೇ ರೀ ಕಷ್ಟ. ಮೂವತ್ತು ವರ್ಷ ಕೂಡಿಟ್ಟು ಒಂದನ್ನಾದರೂ ಹಳೇದು ಮಾಡಿದ್ದೀರಾ?"

ನಾನು ಕಂದು ಸರೋಂಗನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಅದನ್ನ ಕೊಡಲ್ಲ ಅಂದೆ. ಅರವತ್ತಾರು ವರ್ಷದ ಮನುಷ್ಯ ಹೀಗೆ ನಿಂತಿದ್ದು ಯಾರೂ ನೋಡಲಿಲ್ಲ, ಪುಣ್ಯ.

ಫೆಬ್ರವರಿ ೨

ಬಿಪಿ ೧೪೮/೯೦.

ಕೆಲಸ ಶುರು ಮಾಡಿದ್ದೇನೆ. ನಮ್ಮ ಫ್ಯಾಕ್ಟರಿಯಲ್ಲಿ ಹೊಸ ಚಿಪ್‌ಗಳನ್ನು ಮಾರೋ ಮೊದಲು ಒಲೆಯಂಥ ಪೆಟ್ಟಿಗೆಯಲ್ಲಿಟ್ಟು, ದಿನಗಟ್ಟಲೆ ಓಡಿಸಿ, ಬೇಕಂತಲೇ ಸವೆಸುತ್ತಿದ್ದೆವು. ಬದುಕಿ ಉಳಿದದ್ದು ಪಾಸು. ಅದೇ ಪದ್ಧತಿ ಸರೋಂಗಿಗೆ. ಒಂದೊಂದು ದಿನ ಒಂದೊಂದು ಉಡೋದು, ಸಂಜೆ ಬಿಸಿನೀರಲ್ಲಿ ಒಗೆಯೋದು, ಮತ್ತೆ ಉಡೋದು.

ಮೊದಲ ದಿನ ಕೆಲಂತಾನಿನ ಹಸಿರಿನ ಸ್ಟಿಕರನ್ನು ಹರಿಯದ ಹಾಗೆ ಉಗುರಲ್ಲಿ ಕಿತ್ತು ಡೈರಿಯ ರಟ್ಟಿಗೆ ಅಂಟಿಸಿದೆ. ಉಟ್ಟರೆ ಗಂಜಿ ಹಾಕಿದ ತಗಡು, ಕೂತರೆ ಕೂರೋದಿಲ್ಲ, ನಡೆದರೆ ಪೇಪರ್ ಮಡಿಸಿದ ಸದ್ದು. ಹೊರಗೆ ಐಸ್ ಮಳೆ. ಒಳಗೆ ಥರ್ಮಲ್ ಪ್ಯಾಂಟು, ಮೇಲೆ ಉಷ್ಣವಲಯದ ಹೂಗಳು. ಅಂಗಳದಲ್ಲಿ ಹಗ್ಗ ಕಟ್ಟಿ ಒಣಹಾಕಿದರೆ ಬಡಾವಣೆಯ ಅಸೋಸಿಯೇಷನ್‌ನವರು ನೋಟಿಸ್ ಕೊಡ್ತಾರೆ ಅಂತ ಗರಾಜಿನಲ್ಲಿ ಕಾರಿನ ನೆತ್ತಿಯ ಮೇಲೆ ಕಟ್ಟಿದೆ.

ಮಗುವಿಗೋಸ್ಕರ ಅಂತ ನಾನೂ ಹೇಳಲಿಲ್ಲ, ಶ್ರೀಲತಾನೂ ಹೇಳಲಿಲ್ಲ. ಮನುಷ್ಯ ತನ್ನ ಬಟ್ಟೆ ತಾನು ಉಡ್ತಾನೆ, ಅದರಲ್ಲೇನು ವಿಶೇಷ.

ಫೆಬ್ರವರಿ ೨೭

ಬಿಪಿ ನೋಡಿಲ್ಲ. ನೋಡಿದರೆ ಮೀಟರ್ ಒಡೆಯುತ್ತೆ.

ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು ಅಂತ ಮಾವಿನ ಹಣ್ಣಿನ ಬಣ್ಣದ್ದನ್ನು ಉಟ್ಟು ಮೇಲ್‌ಬಾಕ್ಸ್‌ವರೆಗೆ ಹೋದೆ. ಎದುರು ಸಾಲಿಗೆ ಹೊಸದಾಗಿ ಬಂದಿರೋ ಹೆಂಗಸು ನಾಯಿ ಹಿಡಿದುಕೊಂಡು ಬರುತ್ತಿದ್ದವಳು ನನ್ನ ನೋಡಿ ನಿಂತೇಬಿಟ್ಟಳು. ಮಾಸ್ಕ್ ಮೇಲೆ ಎರಡು ಕಣ್ಣು ಅಗಲವಾದವು. ಇದು ಎಲ್ಲಿಯದು ಅಂತ ಕೇಳಿದಳು. ನನಗೆ ಹಬ್ಬ. ನಿಂತಲ್ಲೇ ಬಾಟಿಕ್ ಮೇಲೆ ಒಂದು ಲೆಕ್ಚರ್ ಕೊಟ್ಟೆ. ಮೇಣ ಹೇಗೆ ಕಾಯಿಸ್ತಾರೆ, ಬಣ್ಣ ಹೇಗೆ ಅದ್ದುತ್ತಾರೆ, ಮಲೇಷ್ಯಾದ ಗಂಡಸರು ಇದನ್ನು ಹೇಗೆ ಉಡ್ತಾರೆ, ಎಲ್ಲ.

ಅವಳು ಪೂರ್ತಿ ಕೇಳಿದಳು. ಆಮೇಲೆ ತನ್ನ ಹೆಸರು ಅಜೀಜಾ, ಊರು ಮಲೇಷ್ಯಾದ ಇಪೋ ಅಂದಳು. ಅಂಕಲ್, ಬೇಜಾರು ಮಾಡ್ಕೋಬೇಡಿ, ಇದು ಹೆಂಗಸರು ಉಡೋದು, ನಮ್ಮಜ್ಜಿಯ ಹತ್ತಿರ ಥೇಟ್ ಇಂಥದ್ದೇ ಇತ್ತು ಅಂದಳು. ಅಲ್ಲಿ ಗಂಡಸರು ಉಡೋದು ಚೌಕಳಿಯಂತೆ. ಅದೂ ಮೊದಮೊದಲು ನಮ್ಮ ಮದ್ರಾಸಿನ ಕಡೆಯಿಂದ ಹಡಗಿನಲ್ಲಿ ಹೋದದ್ದಂತೆ. ಅಂದರೆ ಅವರ ಗಂಡಸರು ನಮ್ಮ ಲುಂಗಿ ಉಟ್ಟುಕೊಂಡು ಸುಖವಾಗಿದ್ದಾರೆ, ನಾನು ಅವರ ಹೆಂಗಸರದ್ದನ್ನು ಉಟ್ಟುಕೊಂಡು ಮೂವತ್ತು ವರ್ಷದಿಂದ ಮೆರೀತಾ ಇದ್ದೇನೆ.

ಇನ್ನೂ ಇದೆ. ಪ್ರತಿ ಸರೋಂಗಿನಲ್ಲೂ ಒಂದು ಕಡೆ ಬೇರೆ ನಮೂನೆಯ ಅಗಲವಾದ ಪಟ್ಟಿ ಬರುತ್ತೆ. ಬಟ್ಟೆ ಸಾಲದೆ ತುಂಡು ಸೇರಿಸಿದ್ದಾರೆ, ಮಾಲು ಡಿಫೆಕ್ಟು ಅಂತ ನಾನು ಯಾವಾಗಲೂ ಅದನ್ನು ಹಿಂದಕ್ಕೆ ತಿರುಗಿಸಿ ಮುಚ್ಚುತ್ತಿದ್ದೆ. ಕ್ವಾಲಿಟಿ ಇಂಜಿನಿಯರ್ ನೋಡಿ. ಅದಕ್ಕೆ ತಲೆ ಅಂತಲೇ ಹೆಸರಂತೆ, ಇಡೀ ಬಟ್ಟೆಯಲ್ಲಿ ಚೆಂದದ ಭಾಗ ಅದೇ ಅಂತೆ. ನಮ್ಮಜ್ಜಿ ಅದನ್ನು ಮುಂದೆ ಬರೋ ಹಾಗೆ ಉಡ್ತಿದ್ದರು ಅಂದಳು.

ಮನೆಗೆ ಬಂದು ಕೂತರೆ ಹಳೇದೆಲ್ಲ ಒಂದೊಂದಾಗಿ ನೆನಪಾಯಿತು. ಪೆನಾಂಗ್ ಮಾರ್ಕೆಟ್ಟಿನಲ್ಲಿ ನನ್ನ ಕಂಡರೆ ಅಂಗಡಿ ಹೆಂಗಸರೆಲ್ಲ ನಗುತ್ತಿದ್ದರು. ಎಂಥಾ ಸ್ನೇಹದ ಜನ ಅಂತ ನಾನು ಮೈಸೂರಿಗೆ ಕಾಗದ ಬರೆದಿದ್ದೆ. ಫ್ಯಾಕ್ಟರಿಯ ಡಿನ್ನರ್‌ಗೆ ನೀಲಿಯದನ್ನು ಉಟ್ಟು ಹೋಗಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಲ್ಲಿನ ಕನ್ನಡ ಸಂಘದ ಯುಗಾದಿ ಪಾಟ್‌ಲಕ್ ಊಟದಲ್ಲಿ "ಮಲೇಷ್ಯಾದ ಪುರುಷರ ಉಡುಗೆ" ಅಂತ ಸ್ಟೇಜ್ ಮೇಲೆ ಡೆಮಾನ್‌ಸ್ಟ್ರೇಷನ್ ಕೊಟ್ಟಿದ್ದೆ. ಶಾಲು ಹೊದಿಸಿದ್ದರು.

ಶ್ರೀಲತಾ ಸೋಫಾ ಮೇಲೆ ಮುಖ ಮುಚ್ಚಿಕೊಂಡು ನಕ್ಕಳು. ಜನವರಿಯಿಂದ ಅವಳು ನಕ್ಕಿದ್ದು ಇದೇ ಮೊದಲು.

ಫೆಬ್ರವರಿ ೨೮

ಬಿಪಿ ೧೫೬/೯೬. ಪ್ಯಾಂಟು ಹಾಕಿಕೊಂಡೆ.

ಮಾರ್ಚ್ ೨೧

ಮೂರು ವಾರ ಟ್ರಂಕು ಮುಟ್ಟಿರಲಿಲ್ಲ. ವ್ಯಾಕ್ಸೀನ್ ಎರಡನೇ ಡೋಸ್ ಆಯಿತು, ಮಳೆ ಬಂತು, ಬರೆಯೋ ಅಂಥದ್ದೇನೂ ಇರಲಿಲ್ಲ.

ಇವತ್ತು ರಚನಾ ತಾನಾಗೇ ಫೋನ್ ಮಾಡಿದಳು. ಸುಮ್ಮನೆ ಮಾಡಿದೆ ಅಂದಳು. ನಾನು ಹವಾಮಾನ ಶುರು ಮಾಡೋದರೊಳಗೆ, ಅಪ್ಪಾ ನಿನ್ನ ಬಿಪಿ ಎಷ್ಟಿರುತ್ತೆ ಅಂತ ಕೇಳಿದಳು. ಹೇಳಿದೆ. ನಂದೂ ಅಷ್ಟೇ ಇದೆ ಅಂದಳು. ಕಾಲು ಊದಿದೆ, ತಲೆ ನೋಯುತ್ತೆ, ವಾರಕ್ಕೆ ಎರಡು ಸಲ ಬರೋಕೆ ಹೇಳಿದ್ದಾರೆ ಅಂತ ಒಂದೇ ಉಸಿರಿಗೆ ಹೇಳಿದಳು. ಫೋನಿನಲ್ಲಿ ಅವಳ ಉಸಿರು ಕೇಳುತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ಎಲ್ಲ ಸರಿ ಹೋಗುತ್ತಮ್ಮ ಅನ್ನೋದು ಅವಳಿಗೆ ಹಿಂದೆ ಎರಡು ಸಲ ಹೇಳಿದ್ದೇ. ಹೇಳೋಕೆ ನಾಚಿಕೆಯಾಯಿತು.

ನನಗೆ ಭಯವಾಗಿದೆ. ಮಗುವಿನದ್ದೂ ಭಯ, ಅದಕ್ಕಿಂತ ನನ್ನ ಮಗಳದ್ದು.

ಹೋಗಿ ನೀಲಿ ಸರೋಂಗು ಉಟ್ಟೆ. ಹೆಂಗಸರದ್ದಾದರೆ ಏನೀಗ. ಇನ್ನೂ ಅರ್ಧ ಟ್ರಂಕು ತಗಡಿನ ಹಾಗೇ ಇದೆ, ಹೆರಿಗೆ ಮೇ ಕೊನೆಗಂತೆ, ಉಳಿದಿರೋ ದಿನ ಕಡಿಮೆ. ಬೆಳಿಗ್ಗೆ ಒಂದು, ಸಂಜೆ ಒಂದು ಉಡ್ತೀನಿ. ಅಜೀಜಾ ಕಿಟಕಿಯಿಂದ ನೋಡಿ ಕೈ ಬೀಸಿದಳು. ನಾನೂ ಬೀಸಿದೆ.

ಏಪ್ರಿಲ್ ೯. ಜರ್ಮನ್‌ಟೌನ್

ನಿನ್ನೆ ಬೆಳಿಗ್ಗೆ ಪವನ ಫೋನ್ ಮಾಡಿದ. ಬಿಪಿ ಇಳೀತಿಲ್ಲ, ಕಾಯೋ ಹಾಗಿಲ್ಲ, ಆಪರೇಷನ್‌ಗೆ ಕರ್ಕೊಂಡು ಹೋಗ್ತಿದ್ದಾರೆ ಅಂದ. ಏಳು ವಾರ ಮುಂಚೆ.

ಶ್ರೀಲತಾ ಗರಾಜಿನ ಹಗ್ಗದಿಂದ, ಟ್ರಂಕಿನಿಂದ ಕೈಗೆ ಸಿಕ್ಕ ಸರೋಂಗುಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿದಳು. ನಾನು ಕಾರು ತೆಗೆದೆ. ವರ್ಜೀನಿಯಾದಲ್ಲಿ, ರಿಚ್ಮಂಡ್‌ಗಿಂತ ಸ್ವಲ್ಪ ಹಿಂದೆ ಗ್ಯಾಸ್ ಹಾಕೋಕೆ ಇಳಿದಾಗ ಪಕ್ಕದ ಟ್ರಕ್ಕಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನೂ ನೋಡಿಕೊಂಡೆ. ಮೇಲೆ ಜಾಕೆಟ್ಟು, ಕಾಲಿಗೆ ಶೂ, ನಡುವೆ ಕಂದು ಹಕ್ಕಿ ಸರೋಂಗು. ಪ್ಯಾಂಟು ಮನೆಯಲ್ಲಿ ಮಂಚದ ಮೇಲೆ ಇಸ್ತ್ರಿ ಮಾಡಿದ್ದು ಹಾಗೇ ಇದೆ. ಸೂಟ್‌ಕೇಸ್ ತೆಗೆದು ನೋಡಿದರೆ ನನ್ನದು ಅಂತ ಇದ್ದದ್ದೆಲ್ಲ ಹೆಂಗಸರ ಉಡುಗೆ.

ಗ್ಯಾಸ್ ಪಂಪಿನ ಪಕ್ಕ ಹಾಗೇ ನಿಂತಿದ್ದಾಗ ಮೆಸೇಜ್ ಬಂತು. ಹೆಣ್ಣು ಮಗು. ಮೂರು ಮುಕ್ಕಾಲು ಪೌಂಡು. ಇಬ್ಬರೂ ಇದ್ದಾರೆ. ಪವನ ಅಷ್ಟೇ ಬರೆದಿದ್ದ, ಇಬ್ಬರೂ ಇದ್ದಾರೆ ಅಂತ. ಶ್ರೀಲತಾ ಕಾರಿನಲ್ಲೇ ಅತ್ತಳು. ನಾನು ಹೊರಗೆ ಗಾಳಿಗೆ ಸರೋಂಗು ಹಿಡಿದುಕೊಂಡು ಅತ್ತೆ. ಟ್ರಕ್ಕಿನವನು ಆ ಕಡೆ ತಿರುಗಿಕೊಂಡ.

ಏಪ್ರಿಲ್ ೧೧

ಕೋವಿಡ್ ಅಂತ ಎಳೇ ಮಕ್ಕಳ ವಾರ್ಡಿಗೆ ತಂದೆ ತಾಯಿ ಬಿಟ್ಟು ಯಾರನ್ನೂ ಬಿಡಲ್ಲ. ನಾವು ಅಪಾರ್ಟ್‌ಮೆಂಟಿನಲ್ಲಿ ಕೂತು ಫೋನ್ ನೋಡೋದು, ಸಾರು ಮಾಡಿ ಪವನನ ಕೈಲಿ ಕಳಿಸೋದು. ಮಗು ಗಾಜಿನ ಪೆಟ್ಟಿಗೆಯಲ್ಲಿದೆ. ಉಸಿರಾಡೋದು ಆಗಾಗ ಮರೆತುಬಿಡುತ್ತಂತೆ, ನರ್ಸ್ ಬಂದು ಪಾದ ಸವರಿ ನೆನಪು ಮಾಡಬೇಕಂತೆ. ರಚನಾ ಇನ್ನೂ ಅದನ್ನು ಎತ್ತಿಕೊಂಡಿಲ್ಲ. ಹೆದರಿಕೆ ಅವಳಿಗೆ. ಹೆಸರು ಬೇಡ, ಫೋಟೋ ಬೇಡ, ಯಾರಿಗೂ ಹೇಳೋದು ಬೇಡ ಅಂತಿದ್ದಾಳೆ.

ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಮಗುವನ್ನು ಎದೆಗೆ, ಮೈಗೆ ಮೈ ತಾಗೋ ಹಾಗೆ ಕಟ್ಟಿಕೊಂಡು ಕೂತರೆ ಅದು ಉಸಿರಾಟ ಕಲಿಯುತ್ತೆ ಅಂದಿದ್ದಾರಂತೆ. ಆಸ್ಪತ್ರೆಯ ಪಟ್ಟಿ ಒರಟು, ಮಗುವಿನ ಚರ್ಮ ಈರುಳ್ಳಿ ಸಿಪ್ಪೆ ಥರ ಇದೆ ಅಪ್ಪಾ ಅಂದಳು. ಮೆತ್ತಗಿನ ಹತ್ತಿ ಬಟ್ಟೆ ಯಾವುದಾದರೂ ತರಿಸಿಕೊಳ್ಳಿ ಅಂದರಂತೆ.

ನಾನು ಶುರು ಮಾಡಿದೆ. ಹಸಿರು ಇದೆ, ನೀಲಿ ಇದೆ, ಹತ್ತು ಸಲ ಒಗೆದದ್ದು ಅಂತ. ಅವಳು ನಡುವೆ ತಡೆದಳು.

"ಆ ಬ್ರೌನ್ ಇದ್ಯಾ ಅಪ್ಪಾ? ಹಕ್ಕಿ ಇರೋದು?"

ಇದೆ ಅಂದೆ. ಮೈಮೇಲೇ ಇದೆ ಅಂತ ಹೇಳಲಿಲ್ಲ.

"ಏನೂ ತರಬೇಡ ಅಂದಿದ್ದೆ ಅಲ್ವಾ. ಅದನ್ನ ತಾ."

ಪೆನಾಂಗ್‌ನಲ್ಲಿ ಗುಡುಗು ಬಂದರೆ ನಾಲ್ಕು ವರ್ಷದ ಅವಳು ಓಡಿ ಬಂದು ನನ್ನ ಸರೋಂಗಿನ ಚೀಲದೊಳಗೆ ನುಗ್ಗಿ ತೊಡೆ ಮೇಲೆ ಕೂರುತ್ತಿದ್ದಳು. ನಾನು ಸೊಂಟದ ಗಂಟು ಸಡಿಲಿಸಿ ಅವಳ ಮೂಗಿಗೆ ಜಾಗ ಮಾಡಿ ಪೇಪರ್ ಓದುತ್ತಿದ್ದೆ. ಅಮೆರಿಕಕ್ಕೆ ಬಂದ ಮೇಲೆ, ಮಿಡಲ್ ಸ್ಕೂಲಿನಲ್ಲಿ, ಅದನ್ನುಟ್ಟು ಬಸ್ ಸ್ಟಾಪಿಗೆ ಬರಬೇಡ ಅಂತ ಅತ್ತಿದ್ದಳು. ಅವತ್ತಿನಿಂದ ಅವಳಿಗೆ ಅದನ್ನು ಕಂಡರಾಗಲ್ಲ ಅಂತಲೇ ನಾನು ತಿಳಿದಿದ್ದೆ.

ಪವನನ ಟ್ರ್ಯಾಕ್ ಪ್ಯಾಂಟ್ ಇಸಿದುಕೊಂಡು ಹಾಕಿದೆ. ಪಾದ ದಾಟಿ ಅಷ್ಟುದ್ದ ಜೋಲಾಡುತ್ತೆ. ಸರೋಂಗನ್ನು ವಾಸನೆಯಿಲ್ಲದ ಸೋಪಿನಲ್ಲಿ ಎರಡು ಸಲ ಒಗೆದು, ಒಣಗಿಸಿ, ಮಡಿಸಿ ಪವನನ ಕೈಗೆ ಕೊಟ್ಟೆ. ಮುಂಚೆ ಹೇಗೆ ಉಡ್ತಾರೆ ಅಂತ ಎಲ್ಲರಿಗೂ ಪಾಠ ಹೇಳುತ್ತಿದ್ದವನು, ಇವತ್ತು ಏನೂ ಹೇಳಲಿಲ್ಲ. ನನಗೆ ಗೊತ್ತಿದ್ದದ್ದೇ ತಪ್ಪು ತಾನೆ.

ಏಪ್ರಿಲ್ ೧೨

ಫೋಟೋ ಕಳಿಸಿದ್ದಾಳೆ. ಫೋಟೋ ಬೇಡ ಅಂದವಳು ಅವಳೇ.

ಆರಾಮಕುರ್ಚಿಯಲ್ಲಿ ಕೂತಿದ್ದಾಳೆ. ಸರೋಂಗನ್ನು ಎದೆಯ ಮೇಲಕ್ಕೆ ಏರಿಸಿ ಕಟ್ಟಿದ್ದಾಳೆ, ಒಳಗೆ ಮಗು. ಮೇಲೆ ಒಂದು ಪುಟ್ಟ ಟೋಪಿ, ಒಂದು ಕಿವಿ, ಅಷ್ಟೇ ಕಾಣೋದು. ನಾನು ಇಷ್ಟು ವರ್ಷ ಬೆನ್ನ ಹಿಂದೆ ಮುಚ್ಚಿಟ್ಟ ಆ ಪಟ್ಟಿ ಸರಿಯಾಗಿ ಮುಂದಕ್ಕೆ ಬಂದಿದೆ. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮಗುವಿನ ಕೆನ್ನೆ ಅದರ ಮೇಲಿದೆ. ಚೆಂದವಾಗಿದೆ. ನಿಜಕ್ಕೂ ಇಡೀ ಬಟ್ಟೆಯಲ್ಲಿ ಅದೇ ಚೆಂದದ ಭಾಗ.

ಎರಡು ಗಂಟೆ ಹೊತ್ತು ಒಂದು ಸಲವೂ ಉಸಿರು ಮರೀಲಿಲ್ಲವಂತೆ.

ಅಜೀಜಾಗೆ ಫೋಟೋ ಕಳಿಸಿದೆ. ಈಗ ಸರಿಯಾಗಿ ಉಟ್ಟಿದ್ದಾರೆ ಅಂಕಲ್ ಅಂತ ಬರೆದಳು.

ಏಪ್ರಿಲ್ ೨೦

ರಚನಾ ಮನೆಗೆ ಬಂದು ಹೋಗಿ ಮಾಡುತ್ತಿದ್ದಾಳೆ. ಅವಳು ಇಲ್ಲದ ಹೊತ್ತಿನಲ್ಲಿ ಮಗುವಿನ ಪಕ್ಕ ಇಡೋಕೆ ಅವಳ ಮೈಯ ವಾಸನೆ ಇರೋ ಸಣ್ಣ ಸಣ್ಣ ಬಟ್ಟೆ ತುಂಡು ಬೇಕಂತೆ. ಶ್ರೀಲತಾ ಆ ಕಂದು ಸರೋಂಗು ಹಿಡಿದುಕೊಂಡು ನನ್ನ ಮುಖ ನೋಡುತ್ತಾ ನಿಂತಳು. ಕತ್ತರಿ ಎಲ್ಲಿದೆ ಅಂತ ಕೇಳಿ ನಾನೇ ಕತ್ತರಿಸಿದೆ. ಹಕ್ಕಿಗಳು ಮಧ್ಯಕ್ಕೆ ತುಂಡಾಗದ ಹಾಗೆ ನೋಡಿಕೊಂಡೆ. ಊಟಕ್ಕೆ ಹುಳಿ ಚೆನ್ನಾಗಿತ್ತು.

ಮೇ ೧೬

ಪಾಪು ಮನೆಗೆ ಬಂದಳು. ಬರೆಯೋಕೆ ಪುರಸೊತ್ತಿಲ್ಲ.

ಮೇ ೩೦

ಲೆಕ್ಕದ ಪ್ರಕಾರ ಇವತ್ತು ಹುಟ್ಟಬೇಕಾಗಿದ್ದವಳು ಏಳು ವಾರದಿಂದ ನಮ್ಮೆಲ್ಲರ ಮೇಲೆ ದರ್ಬಾರು ನಡೆಸುತ್ತಿದ್ದಾಳೆ. ಕೆಲಂತಾನಿನ ಹಸಿರು ಸ್ನಾನವಾದ ಮೇಲೆ ಸುತ್ತೋಕೆ, ತೆರೆಂಗಾನುವಿನ ನೀಲಿ ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚೋಕೆ, ಮಾವಿನ ಬಣ್ಣದ್ದು ಏನೇನಕ್ಕೋ. ಟ್ರಂಕಿನ ಮಾಲೆಲ್ಲ ಬಾಲ್ಕನಿಯಲ್ಲಿ ನೇತಾಡುತ್ತಿದೆ. ರಚನಾ ಕೂಡ ಒಂದನ್ನು ಉಟ್ಟು ಓಡಾಡುತ್ತಿದ್ದಾಳೆ, ಪಟ್ಟಿ ಮುಂದೆ ಮಾಡಿಕೊಂಡು. ನಿನ್ನೆ ತಾನಾಗೇ ಸಾಕ್ಸ್ ಕೊಂಡು ತಂದಳು. ಒಂದು ಜೊತೆಯಲ್ಲ, ಒಂದು ಡಜನ್.

ನನಗೆ ಉಡೋಕೆ ಏನೂ ಉಳಿದಿರಲಿಲ್ಲ. ಬೆಳಿಗ್ಗೆ ಏಪೆಕ್ಸ್‌ನಿಂದ ಅಜೀಜಾ ಕಳಿಸಿದ ಪಾರ್ಸೆಲ್ ಬಂತು. ಚೌಕಳಿ ಸರೋಂಗು, ನೀಲಿ ಬಿಳಿ, ಇಪೋದಲ್ಲಿರೋ ಅವಳ ಅಣ್ಣ ಕಳಿಸಿದ್ದಂತೆ. ಗಂಡಸರದ್ದು, ಗ್ಯಾರಂಟಿ ಅಂತ ಚೀಟಿ ಇಟ್ಟಿದ್ದಳು. ಎಂಥಾ ನೇಯ್ಗೆ, ಎಂಥಾ ಅಂಚು. ಶ್ರೀಲತಾ ನೋಡಿದ ತಕ್ಷಣ, ಇದನ್ನ ಎತ್ತಿಡ್ತೀರಾ ಅಂತ ಕೇಳಿದಳು. ಎತ್ತಿಡೋಣ ಅಂತಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಪವನನ ಟ್ರ್ಯಾಕ್ ಪ್ಯಾಂಟ್ ಒಗೆಯೋಕೆ ಹಾಕಿತ್ತು. ಉಟ್ಟುಕೊಂಡೆ. ತಗಡು.

ರಚನಾ ಪಾಪುವನ್ನು ತಂದು ನನ್ನ ತೊಡೆ ಮೇಲೆ ಮಲಗಿಸಿ, ಹಿಡ್ಕೋ ಅಪ್ಪಾ, ನಾನು ನಿದ್ದೆ ಮಾಡ್ತೀನಿ ಅಂತ ಹೇಳಿ ಹೋದಳು. ಬಾಗಿಲು ಹಾಕಿಕೊಂಡು ನಿಜವಾಗಲೂ ನಿದ್ದೆ ಮಾಡಿದಳು. ನಾನು ಅಲ್ಲಾಡದೆ ಕೂತೆ. ಪಾಪು ನನ್ನನ್ನೊಮ್ಮೆ ಹುಬ್ಬು ಗಂಟಿಕ್ಕಿ ನೋಡಿದಳು, ಇನ್‌ಸ್ಪೆಕ್ಷನ್ ಮಾಡೋ ಹಾಗೆ. ಆಮೇಲೆ ನಿಧಾನವಾಗಿ, ಬೆಚ್ಚಗೆ, ನನ್ನ ಹೊಸ ಚೌಕಳಿಯ ತುಂಬಾ ಉಚ್ಚೆ ಹೊಯ್ದಳು.

ಅದೂ ಹಳೇದಾಗೋಕೆ ಶುರುವಾಯಿತು. ನಾನು ಕೂತೇ ಇದ್ದೆ.